ಮಸ್ತಿಷ್ಕಮೇರು ದ್ರವದ ಸೋರಿಕೆ ಮತ್ತು ವೈದ್ಯಕೀಯ ಚಿತ್ರಣ: ಒಂದು ಸಮೀಕ್ಷೆ

ಮಿದುಳನ್ನೂ ಮಿದುಳುಬಳ್ಳಿಯನ್ನೂ ಸುತ್ತುವರಿದಿರುವ ತಿಳಿಯಾದ, ಬಣ್ಣವಿಲ್ಲದ ದ್ರವಕ್ಕೆ ಮಸ್ತಿಷ್ಕಮೇರು ದ್ರವ ಎಂದು ಹೆಸರು. ಆಸ್ಪತ್ರೆಯ ಆಡುಮಾತಿನಲ್ಲಿ ಅದು ಸಿ.ಎಸ್.ಎಫ್. ವಯಸ್ಕರಲ್ಲಿ ಯಾವುದೇ ಹೊತ್ತಿನಲ್ಲಿ ಸುಮಾರು 150 ಮಿಲಿಲೀಟರ್‌ನಷ್ಟಿರುವ ಈ ದ್ರವ ದಿನವೊಂದಕ್ಕೆ ಸುಮಾರು 500 ಮಿಲಿಲೀಟರ್‌ನಂತೆ ಹೊಸದಾಗಿ ಉತ್ಪತ್ತಿಯಾಗುತ್ತದೆ ಮತ್ತು ಅಷ್ಟೇ ಪ್ರಮಾಣದಲ್ಲಿ ರಕ್ತಕ್ಕೆ ಮರಳಿ ಸೇರುತ್ತದೆ. ಸುಮಾರು 1,400 ಗ್ರಾಂ ತೂಗುವ ಮಿದುಳು ಇದರಲ್ಲಿ ತೇಲುತ್ತಿರುವುದರಿಂದ ಅದರ ಪರಿಣಾಮಕಾರಿ ಭಾರ ಸುಮಾರು 50 ಗ್ರಾಂಗೆ ಇಳಿಯುತ್ತದೆ. ದ್ರವವನ್ನು ಹಿಡಿದಿಟ್ಟುಕೊಂಡಿರುವುದು ಡ್ಯೂರಾ ಎಂಬ ಗಟ್ಟಿಯಾದ ಹೊರ ಪೊರೆ. ತಲೆಬುರುಡೆಯೊಳಗಿನಿಂದ ಬೆನ್ನುಮೂಳೆಯ ಕೊಳವೆಯ ಕೆಳತುದಿಯವರೆಗೂ ಇಳಿದುಬರುವ ಈ ಪೊರೆಯಲ್ಲಿ ಬೆನ್ನಿನ ಭಾಗದಲ್ಲೆಲ್ಲೋ ಒಂದು ಸಣ್ಣ ಬಿರುಕು ಬಿಟ್ಟರೂ ಮಿದುಳಿಗಿದ್ದ ಆಧಾರ ಕಡಿಮೆಯಾಗಿ, ಎದ್ದು ನಿಂತಾಗ ಅದು ಕೆಳಕ್ಕೆ ಜಗ್ಗುತ್ತದೆ. ಎದ್ದ ಸ್ವಲ್ಪ ಹೊತ್ತಿನಲ್ಲೇ ಏರಿ, ಮಲಗಿದರೆ ಇಳಿಯುವ ತಲೆನೋವು ಈ ರೋಗದ ಮುಖ್ಯ ಲಕ್ಷಣವಾಗಿರುವುದು ಈ ಕಾರಣದಿಂದ. ಅದರ ಜೊತೆಗೆ ಕತ್ತುನೋವು, ಕಿವಿ ಮುಚ್ಚಿಕೊಂಡಂತಾಗುವುದು, ಕಿವಿಯಲ್ಲಿ ಮೊರೆತ, ವಾಕರಿಕೆ, ಮಾತು ಮತ್ತು ಯೋಚನೆಗಳಲ್ಲಿ ಮಂದತೆಯೂ ಕಾಣಿಸಿಕೊಳ್ಳಬಹುದು.

ಇಂಥ ಸೋರಿಕೆಯ ಒಂದು ಬಗೆ ಅರಿವಳಿಕೆ ತಜ್ಞರಿಗೂ ಹೆರಿಗೆ ತಜ್ಞರಿಗೂ ಚಿರಪರಿಚಿತ. ಸಿಸೇರಿಯನ್ ಮುಂತಾದ ಶಸ್ತ್ರಚಿಕಿತ್ಸೆಗಳ ಮುನ್ನ ಬೆನ್ನಿಗೆ ಕೊಡುವ ಅರಿವಳಿಕೆಯ ಸೂಜಿ ಡ್ಯೂರಾದಲ್ಲಿ ಬಿಟ್ಟುಹೋದ ರಂಧ್ರ ಮುಚ್ಚದೆ ಉಳಿದರೆ ಬಾಣಂತಿಗೆ ಮರುದಿನವೋ ಮೂರನೆಯ ದಿನವೋ ಇದೇ ತಲೆನೋವು ಬರುತ್ತದೆ. ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬಿಯರ್ 1898ರಲ್ಲಿ ಬೆನ್ನುಮೂಳೆಯ ಅರಿವಳಿಕೆಯನ್ನು ಪ್ರಯೋಗಿಸಿದಾಗ ಸ್ವತಃ ಈ ನೋವನ್ನು ಅನುಭವಿಸಿ ಅದನ್ನು ದಾಖಲಿಸಿದ್ದರು. ಇಲ್ಲಿ ರಂಧ್ರವಿರುವ ಜಾಗ ಮೊದಲೇ ಗೊತ್ತಿರುವುದರಿಂದ ಚಿತ್ರಣದ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಯಾವ ಸೂಜಿಯೂ ತಾಗದೆ, ಹೇಳಿಕೊಳ್ಳುವಂಥ ಪೆಟ್ಟೂ ಬೀಳದೆ ತಾನಾಗಿ ಆರಂಭವಾಗುವ ಸೋರಿಕೆಯದೇ ನಿಜವಾದ ಕಷ್ಟ. ಜರ್ಮನಿಯ ನರರೋಗ ತಜ್ಞ ಜಾರ್ಜ್ ಶಾಲ್ಟನ್‌ಬ್ರಾಂಡ್ 1938ರಲ್ಲಿ ಇದನ್ನು ವಿವರಿಸಿದರಾದರೂ, ಎಂ.ಆರ್.ಐ. ಬರುವವರೆಗೆ ಅದು ಪಠ್ಯಪುಸ್ತಕದ ಅಂಚಿನಲ್ಲೇ ಉಳಿದಿತ್ತು. ವರ್ಷಕ್ಕೆ ಲಕ್ಷ ಜನರಲ್ಲಿ ನಾಲ್ಕೈದು ಮಂದಿಗೆ ಈ ಕಾಯಿಲೆ ಬರುತ್ತದೆಂಬುದು ಇಂದಿನ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ನಲವತ್ತರ ಆಸುಪಾಸಿನಲ್ಲಿ ಹೆಚ್ಚು. ಸಂಖ್ಯೆ ಚಿಕ್ಕದೆನಿಸಿದರೂ ರೋಗಿಗಳು ಅಲೆಯುವ ಅಲೆದಾಟ ಚಿಕ್ಕದಲ್ಲ. ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನಾಯ್ ವೈದ್ಯಕೀಯ ಕೇಂದ್ರದ ನರಶಸ್ತ್ರಚಿಕಿತ್ಸಕ ವೌಟರ್ ಶೀವಿಂಕ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ 18 ರೋಗಿಗಳಲ್ಲಿ 17 ಮಂದಿಗೆ ಮೊದಲು ಸಿಕ್ಕಿದ್ದು ತಪ್ಪು ರೋಗನಿರ್ಣಯ. ಸರಿಯಾದ ನಿರ್ಣಯಕ್ಕೆ ಹಿಡಿದ ಕಾಲ ನಾಲ್ಕು ದಿನದಿಂದ ಹದಿಮೂರು ವರ್ಷದವರೆಗೆ ಹರಡಿಕೊಂಡಿತ್ತು. ಮೈಗ್ರೇನ್, ಸೈನಸ್, ಮೆದುಳುಪೊರೆಯ ಉರಿಯೂತ, ಮಾನಸಿಕ ಒತ್ತಡ ಎಂಬ ಹೆಸರುಗಳ ಅಡಿಯಲ್ಲಿ ಈ ರೋಗಿಗಳು ವರ್ಷಗಟ್ಟಲೆ ಔಷಧಿ ನುಂಗುತ್ತಾರೆ.

ಸೋರಿಕೆಯಿದ್ದರೆ ದ್ರವದ ಒತ್ತಡ ಇಳಿದಿರಬೇಕು, ಆದ್ದರಿಂದ ಸೊಂಟದಲ್ಲಿ ಸೂಜಿ ಹಾಕಿ ಒತ್ತಡವನ್ನು ಅಳೆದರೆ ಸಾಕು ಎಂಬ ತರ್ಕ ಬಹುಕಾಲ ನಡೆಯಿತು. ನೀರಿನ ಮಟ್ಟದ ಲೆಕ್ಕದಲ್ಲಿ 60 ಮಿಲಿಮೀಟರ್‌ಗಿಂತ ಕಡಿಮೆ ಒತ್ತಡವನ್ನು ಅಂತಾರಾಷ್ಟ್ರೀಯ ತಲೆನೋವು ವರ್ಗೀಕರಣವು ಇಂದಿಗೂ ಒಂದು ಮಾನದಂಡವಾಗಿ ಇಟ್ಟುಕೊಂಡಿದೆ. ಆದರೆ ಡ್ಯೂಕ್ ವಿಶ್ವವಿದ್ಯಾಲಯದ ಪೀಟರ್ ಕ್ರಾಂಜ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಒತ್ತಡ ನಿಜವಾಗಿಯೂ ಆ ಮಟ್ಟಕ್ಕೆ ಇಳಿದಿದ್ದುದು ಸುಮಾರು ಮೂರನೆಯ ಒಂದು ಭಾಗದಷ್ಟು ರೋಗಿಗಳಲ್ಲಿ ಮಾತ್ರ. ಒಟ್ಟು ದ್ರವದ ಪ್ರಮಾಣ ಕುಗ್ಗಿದ್ದರೂ ಸೂಜಿಯ ತುದಿಯಲ್ಲಿ ಆ ಗಳಿಗೆಯಲ್ಲಿ ಸಿಗುವ ಒತ್ತಡ ಸಾಮಾನ್ಯವಾಗಿಯೇ ಇರಬಹುದು. ಹೀಗಾಗಿ ರೋಗಕ್ಕೆ ಅಂಟಿಕೊಂಡಿರುವ 'ಕಡಿಮೆ ಒತ್ತಡ' ಎಂಬ ಹೆಸರೇ ಅನೇಕರನ್ನು ದಾರಿ ತಪ್ಪಿಸಿದೆ. ಒತ್ತಡ ಸರಿಯಾಗಿದೆ ಎಂಬ ಒಂದೇ ಕಾರಣಕ್ಕೆ ರೋಗಿಯನ್ನು ಮನೆಗೆ ಕಳಿಸುವುದಕ್ಕೆ ಈಗ ವೈಜ್ಞಾನಿಕ ಸಮರ್ಥನೆ ಇಲ್ಲ. ನಿರ್ಣಯದ ಭಾರವೆಲ್ಲ ಚಿತ್ರಣದ ಮೇಲೆ ಬಂದು ಕೂತಿದೆ.

ಚಿತ್ರಣದ ಮೊದಲ ಹೆಜ್ಜೆ ಬೆನ್ನಿನದಲ್ಲ, ತಲೆಯದು. ತಲೆಬುರುಡೆ ಹಿಗ್ಗದ, ಕುಗ್ಗದ ಪೆಟ್ಟಿಗೆ. ಅದರೊಳಗೆ ಮಿದುಳು, ರಕ್ತ, ದ್ರವ ಮೂರೂ ಜಾಗ ಹಂಚಿಕೊಂಡಿರುವುದರಿಂದ ಒಂದು ಕಡಿಮೆಯಾದರೆ ಇನ್ನೊಂದು ಹೆಚ್ಚಿ ಆ ಜಾಗವನ್ನು ತುಂಬಬೇಕಾಗುತ್ತದೆ. ಮನ್ರೋ ಮತ್ತು ಕೆಲ್ಲಿ ಎಂಬಿಬ್ಬರು ಸ್ಕಾಟಿಷ್ ವೈದ್ಯರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಈ ತತ್ತ್ವವೇ ಎಂ.ಆರ್.ಐ. ಚಿತ್ರವನ್ನು ಓದುವ ಕೀಲಿ. ದ್ರವ ಇಳಿದಷ್ಟು ರಕ್ತ ತುಂಬಿಕೊಳ್ಳುತ್ತದೆ. ಡ್ಯೂರಾದ ಅಭಿಧಮನಿಗಳು ಉಬ್ಬುತ್ತವೆ. ಪಿಟ್ಯುಟರಿ ಗ್ರಂಥಿ ಊದಿಕೊಂಡಂತೆ ಕಾಣುತ್ತದೆ. ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ದ್ರಾವಣವನ್ನು, ಅಂದರೆ ಸ್ಕ್ಯಾನ್ ಕೇಂದ್ರದಲ್ಲಿ 'ಡೈ' ಎಂದು ಕರೆಯುವುದನ್ನು, ರಕ್ತನಾಳಕ್ಕೆ ಕೊಟ್ಟಾಗ ಡ್ಯೂರಾ ಪೊರೆ ಮಿದುಳಿನ ಸುತ್ತ ಒಂದೇ ಸಮನಾಗಿ, ನಯವಾಗಿ, ಬೆಳ್ಳಗೆ ಹೊಳೆಯುತ್ತದೆ. ಜಗ್ಗಿದ ಮಿದುಳು ಬುರುಡೆಯ ತಳದ ದ್ರವದ ತಾಣಗಳನ್ನು ಒತ್ತಿಹಾಕುತ್ತದೆ. ಕೆಲವರಲ್ಲಿ ಮಿದುಳಿಗೂ ಡ್ಯೂರಾಕ್ಕೂ ನಡುವೆ ದ್ರವವೋ ರಕ್ತವೋ ಶೇಖರವಾಗುತ್ತದೆ.

ಈ ಚಿಹ್ನೆಗಳನ್ನು ಅಂದಾಜಿಗೆ ಬಿಡದೆ ಅಳತೆಗೆ ತಂದ ಶ್ರೇಯಸ್ಸು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ತಂಡದ್ದು. ತೋಮಸ್ ಡೊಬ್ರೊಕಿ ಮತ್ತು ಸಹೋದ್ಯೋಗಿಗಳು 2019ರಲ್ಲಿ ಪ್ರಕಟಿಸಿದ, ಈಗ 'ಬರ್ನ್ ಸ್ಕೋರ್' ಎಂದು ಎಲ್ಲೆಡೆ ಬಳಕೆಯಲ್ಲಿರುವ ಪದ್ಧತಿಯಲ್ಲಿ ಡ್ಯೂರಾ ಹೊಳೆಯುವುದು, ದೊಡ್ಡ ಅಭಿಧಮನಿಗಳು ಉಬ್ಬುವುದು, ಪಿಟ್ಯುಟರಿಯ ಮೇಲ್ಗಡೆಯ ದ್ರವದ ಜಾಗ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಿರಿದಾಗುವುದು ಎಂಬ ಮೂರು ಚಿಹ್ನೆಗಳಿಗೆ ತಲಾ ಎರಡು ಅಂಕ. ಡ್ಯೂರಾದ ಒಳಗಡೆ ದ್ರವ ಶೇಖರವಾಗುವುದು, ಮಿದುಳಿನ ಕಾಂಡದ ಮುಂದಿನ ಜಾಗ 5 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆಯಾಗುವುದು, ಮಿದುಳಿನ ತಳದ ಮ್ಯಾಮಿಲರಿ ಎಂಬ ಗುಬಟುಗಳಿಗೂ ಪಾನ್ಸ್ ಎಂಬ ಕಾಂಡದ ಭಾಗಕ್ಕೂ ನಡುವಿನ ಅಂತರ 6.5 ಮಿಲಿಮೀಟರ್‌ಗೆ ಅಥವಾ ಅದರ ಕೆಳಗೆ ಇಳಿಯುವುದು ಎಂಬ ಇನ್ನು ಮೂರಕ್ಕೆ ತಲಾ ಒಂದು. ಒಟ್ಟು ಒಂಬತ್ತರಲ್ಲಿ ಐದು ಅಥವಾ ಹೆಚ್ಚು ಅಂಕ ಬಂದರೆ ಬೆನ್ನಿನಲ್ಲಿ ಸೋರಿಕೆ ಪತ್ತೆಯಾಗುವ ಸಂಭವ ಹೆಚ್ಚು, ಎರಡು ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಂಭವ ಕಡಿಮೆ. ಈ ಸ್ಕೋರ್ ಮುಂದಿನ, ಹೆಚ್ಚು ನೋವಿನ ಪರೀಕ್ಷೆಗಳಿಗೆ ಯಾರನ್ನು ಕಳಿಸಬೇಕೆಂದು ಆರಿಸುವ ಸಾಧನವಾಗಿ ಹುಟ್ಟಿದ್ದು. ಕಡಿಮೆ ಅಂಕ ಬಂದವರಿಗೆ ರೋಗವಿಲ್ಲವೆಂದು ಸಾರುವ ತೀರ್ಪಾಗಿ ಅದನ್ನು ಬಳಸುವುದು ದುರ್ಬಳಕೆಯೇ ಸರಿ.

ಹಾಗೆನ್ನಲು ಬಲವಾದ ಆಧಾರವಿದೆ. ಲಿಂಡಾ ಡಾಂಟೋನಾ ಮತ್ತು ಸಂಗಡಿಗರು 2021ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ರೋಗವಿದ್ದವರಲ್ಲೇ ಶೇಕಡಾ 19ರಷ್ಟು ಮಂದಿಯ ಮಿದುಳಿನ ಎಂ.ಆರ್.ಐ. ಸಹಜವಾಗಿತ್ತು. ರೋಗ ಹಳೆಯದಾದಂತೆ ಡ್ಯೂರಾದ ಹೊಳಪು ಮಸುಕಾಗುತ್ತದೆ. ದೇಹ ಹೊಸ ಸ್ಥಿತಿಗೆ ಒಗ್ಗಿಕೊಳ್ಳುವ ಕಾರಣ, ತಿಂಗಳುಗಟ್ಟಲೆ ನರಳಿದ ಮೇಲೆ ಸ್ಕ್ಯಾನ್‌ಗೆ ಬಂದವರ ಚಿತ್ರದಲ್ಲಿ ಮೊದಲ ವಾರಗಳಲ್ಲಿ ಕಾಣಬಹುದಾಗಿದ್ದ ಚಿಹ್ನೆ ಇಲ್ಲದಿರಬಹುದು. ಇದಕ್ಕಿಂತ ಸರಳವಾದ ಇನ್ನೊಂದು ಕಾರಣವನ್ನು ಭಾರತದ ಸಂದರ್ಭದಲ್ಲಿ ಮರೆಯುವಂತಿಲ್ಲ: ತಲೆನೋವೆಂದು ಬಂದವರಿಗೆ ಖರ್ಚು ಉಳಿಸಲು ಡೈ ಇಲ್ಲದ 'ಪ್ಲೇನ್' ಎಂ.ಆರ್.ಐ. ಬರೆದುಕೊಟ್ಟರೆ, ಅತ್ಯಂತ ಮುಖ್ಯವಾದ ಚಿಹ್ನೆಯನ್ನು ನೋಡುವ ಅವಕಾಶವೇ ತಪ್ಪಿಹೋಗುತ್ತದೆ. ಕಂಡದ್ದನ್ನು ತಪ್ಪಾಗಿ ಓದುವ ಅಪಾಯವೂ ಇದೆ. ಜಗ್ಗಿದ ಮಿದುಳಿನ ಹಿಂಭಾಗ ಬುರುಡೆಯ ತಳದ ರಂಧ್ರದ ಕಡೆಗೆ ಇಳಿದಿರುವುದನ್ನು ಹುಟ್ಟಿನಿಂದ ಬರುವ ಕಿಯಾರಿ ದೋಷವೆಂದು ತಿಳಿದು, ತಲೆಯ ಹಿಂಭಾಗದ ಮೂಳೆ ಕತ್ತರಿಸುವ ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಒಳಪಡಿಸಿದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಸೋರುತ್ತಿರುವ ಬೆನ್ನನ್ನು ಬಿಟ್ಟು ತಲೆಯನ್ನು ತೆರೆಯುವ ಇಂಥ ಚಿಕಿತ್ಸೆಯಿಂದ ಆಗುವ ಹಾನಿ ತಡೆಯಬಹುದಾದ ಹಾನಿ. ವೃದ್ಧರಲ್ಲಿ ಎರಡೂ ಬದಿಗೆ ರಕ್ತ ಶೇಖರವಾದಾಗ ಅದರ ಮೂಲದಲ್ಲಿ ಸೋರಿಕೆಯಿರಬಹುದೆಂಬ ಅನುಮಾನ ಬಾರದೆ, ರಕ್ತವನ್ನು ಮಾತ್ರ ಹೊರತೆಗೆದರೂ ಇದೇ ಬಗೆಯ ನಷ್ಟ. ಮೂಗಿನಿಂದ ನೀರು ಸೋರುವ ಬುರುಡೆತಳದ ಸೋರಿಕೆಯನ್ನು ಈ ತಲೆನೋವಿನ ಮೂಲವೆಂದು ಹುಡುಕುವುದೂ ವ್ಯರ್ಥ. ನಿಂತಾಗ ಬರುವ ಈ ತಲೆನೋವಿನ ಸೋರಿಕೆ ಇರುವುದು ಬೆನ್ನಿನಲ್ಲೇ.

ಎರಡನೆಯ ಹೆಜ್ಜೆ ಇಡೀ ಬೆನ್ನುಮೂಳೆಯ ಎಂ.ಆರ್.ಐ. ಇದಕ್ಕೆ ಸೂಜಿ ಬೇಡ, ವಿಕಿರಣವೂ ಇಲ್ಲ. ಕೊಬ್ಬಿನ ಸಂಕೇತವನ್ನು ಅಳಿಸಿ ನೀರನ್ನು ಮಾತ್ರ ಬೆಳ್ಳಗೆ ತೋರಿಸುವ ಚಿತ್ರಗಳಲ್ಲಿ ಡ್ಯೂರಾದ ಹೊರಗೆ, ಮೂಳೆಯ ಕೊಳವೆಯ ಒಳಗೆ, ಉದ್ದಕ್ಕೆ ಹರಡಿರುವ ದ್ರವ ಇದೆಯೇ ಎಂಬುದನ್ನು ನೋಡಲಾಗುತ್ತದೆ. ಇದ್ದರೆ ಪೊರೆ ಹರಿದಿದೆ ಎಂಬುದು ಬಹುಮಟ್ಟಿಗೆ ಖಚಿತ. ಎಲ್ಲಿ ಹರಿದಿದೆ ಎಂಬುದು ಮಾತ್ರ ಇಷ್ಟರಿಂದ ತಿಳಿಯುವುದಿಲ್ಲ. ಹೆಂಚಿನ ಮಾಡು ಸೋರುವಾಗ ನೀರು ತೊಟ್ಟಿಕ್ಕುವ ಜಾಗ ಒಂದು, ಹೆಂಚು ಒಡೆದ ಜಾಗ ಇನ್ನೊಂದು. ಹಾಗೆಯೇ ಎದೆಯ ಮಟ್ಟದ ಒಂದೇ ರಂಧ್ರದಿಂದ ಹೊರಬಿದ್ದ ದ್ರವ ಕತ್ತಿನಿಂದ ಸೊಂಟದವರೆಗೆ ಹರಡಿ ನಿಂತಿರಬಹುದು. ಕುತ್ತಿಗೆಯ ಮೊದಲೆರಡು ಕಶೇರುಗಳ ಹಿಂದೆ ದ್ರವ ಕಂಡರೆ ಸೋರಿಕೆ ಅಲ್ಲೇ ಇದೆಯೆಂದು ನಂಬಿಸುವ ಚಿಹ್ನೆಯನ್ನು ತಜ್ಞರು ಸುಳ್ಳು ಸುಳಿವೆಂದೇ ಗುರುತಿಸಿ ಎಚ್ಚರಿಸಿದ್ದಾರೆ.

ಡ್ಯೂರಾದ ಹೊರಗೆ ದ್ರವ ಇದೆಯೋ ಇಲ್ಲವೋ ಎಂಬ ಈ ಒಂದು ಪ್ರಶ್ನೆಯ ಉತ್ತರದ ಮೇಲೆ ಮುಂದಿನ ದಾರಿಯೆಲ್ಲ ನಿಂತಿದೆ, ಏಕೆಂದರೆ ಸೋರಿಕೆಗಳು ಒಂದೇ ಜಾತಿಯವಲ್ಲ. ಕೆಲವರಲ್ಲಿ ಪೊರೆಯ ಮುಂಭಾಗ, ಬೆನ್ನುಮೂಳೆಯ ಡಿಸ್ಕ್‌ಗೆ ತಾಗಿಕೊಂಡಿರುವ ಕಡೆ, ಹರಿದಿರುತ್ತದೆ. ಯುರ್ಗನ್ ಬೆಕ್ ಮತ್ತು ಬರ್ನ್ ತಂಡದವರು 2016ರಲ್ಲಿ ತೋರಿಸಿದಂತೆ, ಅದಕ್ಕೆ ಕಾರಣ ಅನೇಕ ವೇಳೆ ಡಿಸ್ಕ್‌ನಿಂದ ಹೊರಚಾಚಿ ಸುಣ್ಣಗಟ್ಟಿ ಗಡುಸಾದ, ಕೆಲವೇ ಮಿಲಿಮೀಟರ್ ಗಾತ್ರದ ಮುಳ್ಳು. ಅದು ಪೊರೆಯನ್ನು ಒಳಗಿನ ಕಡೆಗೆ ಚುಚ್ಚಿ, ಉದ್ದಕ್ಕೆ ಸೀಳಿಬಿಡುತ್ತದೆ. ಇನ್ನು ಕೆಲವರಲ್ಲಿ ನರಮೂಲ ಹೊರಬೀಳುವ ಪಕ್ಕದಲ್ಲಿ ಹರಿದಿರುತ್ತದೆ. ಈ ಎರಡರಲ್ಲೂ ದ್ರವ ಡ್ಯೂರಾದ ಹೊರಗೆ ಸಾಮಾನ್ಯವಾಗಿ ಕಾಣುತ್ತದೆ. ಮೂರನೆಯ ಬಗೆಯಲ್ಲಿ ದ್ರವ ಎಲ್ಲೂ ನಿಲ್ಲುವುದಿಲ್ಲ. ನರಮೂಲದ ಬಳಿ ಪೊರೆಗೂ ಪಕ್ಕದ ಅಭಿಧಮನಿಗೂ ನಡುವೆ ಅಸಹಜ ಸಂಪರ್ಕ ಏರ್ಪಟ್ಟು, ದ್ರವ ನೇರವಾಗಿ ರಕ್ತಕ್ಕೆ ಹರಿದುಹೋಗುತ್ತದೆ. ದ್ರವ–ಅಭಿಧಮನಿ ಫಿಸ್ಟುಲಾ ಎಂಬ ಈ ಬಗೆಯನ್ನು ಶೀವಿಂಕ್ ಮತ್ತು ಸಂಗಡಿಗರು ವಿವರಿಸಿದ್ದು 2014ರಲ್ಲಿ. ಅಲ್ಲಿಯವರೆಗೆ ಬೆನ್ನಿನ ಎಂ.ಆರ್.ಐ. ಸಂಪೂರ್ಣ ಸಹಜವಾಗಿದ್ದ ಅಸಂಖ್ಯ ರೋಗಿಗಳಿಗೆ 'ಕಾರಣ ತಿಳಿಯದು' ಎಂಬ ಉತ್ತರವಷ್ಟೇ ಸಿಗುತ್ತಿತ್ತು. ರೋಗದ ಒಂದು ಇಡೀ ವರ್ಗ ಇಷ್ಟು ತಡವಾಗಿ ಕಣ್ಣಿಗೆ ಬಿದ್ದದ್ದು ಈ ಕ್ಷೇತ್ರದ ಅತಿ ಮುಖ್ಯ ಘಟನೆ. ಹಿಂದಿನ ಎಷ್ಟೋ 'ನಾರ್ಮಲ್' ವರದಿಗಳನ್ನು ಮರುಪರಿಶೀಲಿಸಲು ಅದೊಂದೇ ಸಾಕಷ್ಟು ಕಾರಣ.

ರಂಧ್ರದ ಜಾಗವನ್ನು ನಿಖರವಾಗಿ ಹಿಡಿಯುವ ಪರೀಕ್ಷೆ ಮೈಲೋಗ್ರಫಿ, ಅಂದರೆ ಡ್ಯೂರಾದೊಳಗಿನ ದ್ರವಕ್ಕೆ ಎಕ್ಸ್-ರೇಯಲ್ಲಿ ಕಾಣುವ ಅಯೋಡಿನ್ ಯುಕ್ತ ದ್ರಾವಣವನ್ನು ಸೂಜಿಯ ಮೂಲಕ ಬೆರೆಸಿ ಚಿತ್ರ ತೆಗೆಯುವುದು. ಫ್ರಾನ್ಸಿನ ಸಿಕಾರ್ ಮತ್ತು ಫೊರೆಸ್ಟಿಯೆ 1920ರ ದಶಕದ ಆರಂಭದಲ್ಲಿ ಗಸಗಸೆ ಎಣ್ಣೆಗೆ ಅಯೋಡಿನ್ ಸೇರಿಸಿದ ಲಿಪಿಯೊಡಾಲ್‌ನಿಂದ ಇದನ್ನು ಆರಂಭಿಸಿದರು. ಆ ಎಣ್ಣೆ ಒಳಗೇ ಉಳಿದು ತೊಂದರೆ ಕೊಡುತ್ತಿತ್ತು. ಇಂದು ಬಳಸುವ, ನೀರಿನಲ್ಲಿ ಕರಗುವ ದ್ರಾವಣಗಳು ದೇಹದಿಂದ ತಾವಾಗಿ ಹೊರಹೋಗುತ್ತವೆ. ವಿಧಾನ ಹಳೆಯದಾದರೂ ಸೋರಿಕೆಯ ಹುಡುಕಾಟಕ್ಕೆ ಅದನ್ನು ಬಳಸುವ ಬಗೆ ಕಳೆದ ಎರಡು ದಶಕಗಳಲ್ಲಿ ಬುಡಮೇಲಾಗಿದೆ. ದ್ರಾವಣ ಚುಚ್ಚಿ, ರೋಗಿಯನ್ನು ಇನ್ನೊಂದು ಕೋಣೆಗೆ ಸಾಗಿಸಿ, ಅರ್ಧ ಗಂಟೆಯ ಮೇಲೆ ಸಿ.ಟಿ. ತೆಗೆಯುವ ಹಳೆಯ ಕ್ರಮದಲ್ಲಿ, ವೇಗವಾಗಿ ಸೋರುವ ಮುಂಭಾಗದ ಬಿರುಕಿನಿಂದ ಹೊರಬಂದ ದ್ರಾವಣ ಆ ಹೊತ್ತಿಗೆ ಡ್ಯೂರಾದ ಒಳಗೂ ಹೊರಗೂ ಹಲವು ಕಶೇರುಗಳ ಉದ್ದಕ್ಕೆ ಸಮನಾಗಿ ಬೆಳ್ಳಗೆ ಹರಡಿರುತ್ತದೆ. ಅದು ಮೊದಲು ಎಲ್ಲಿಂದ ಹೊರಬಿತ್ತು ಎಂಬುದು ಆ ಚಿತ್ರದಲ್ಲಿ ಉಳಿದಿರುವುದಿಲ್ಲ. ಮೇಯೋ ಕ್ಲಿನಿಕ್‌ನ ಲೂಟ್ಮರ್ ಮತ್ತು ಮೊಕ್ರಿ 2003ರಲ್ಲಿ ವಿವರಿಸಿದ ಡೈನಮಿಕ್ ಸಿ.ಟಿ. ಮೈಲೋಗ್ರಫಿಯು ಉತ್ತರಿಸಿದ್ದು ಈ ತೊಂದರೆಗೆ: ದ್ರಾವಣ ಚುಚ್ಚುವುದೂ ಚಿತ್ರ ತೆಗೆಯುವುದೂ ಸ್ಕ್ಯಾನರ್ ಮೇಜಿನ ಮೇಲೆಯೇ ನಡೆಯಬೇಕು, ಮೊದಲ ಹನಿ ಹೊರಬೀಳುವ ಕ್ಷಣ ಸಿಗಬೇಕು. ಡಿಜಿಟಲ್ ಸಬ್‌ಟ್ರಾಕ್ಷನ್ ಮೈಲೋಗ್ರಫಿಯಲ್ಲಿ ಇದು ಇನ್ನಷ್ಟು ಸೂಕ್ಷ್ಮ. ದ್ರಾವಣ ಬರುವ ಮುನ್ನ ತೆಗೆದ ಚಿತ್ರವನ್ನು ನಂತರದ ಪ್ರತಿ ಚಿತ್ರದಿಂದ ಕಳೆದಾಗ ಮೂಳೆ, ಶ್ವಾಸಕೋಶ, ಹೃದಯ ಎಲ್ಲ ಅಳಿಸಿಹೋಗಿ ಚಲಿಸುವ ದ್ರಾವಣವೊಂದೇ ಪರದೆಯ ಮೇಲೆ ಉಳಿಯುತ್ತದೆ. ರೋಗಿ ಅಲುಗಾಡಿದರೆ ಈ ವ್ಯವಕಲನ ಕೆಡುತ್ತದೆ. ಆದ್ದರಿಂದ ಹಲವು ಕೇಂದ್ರಗಳು ಪೂರ್ಣ ಅರಿವಳಿಕೆ ಕೊಟ್ಟು, ಚಿತ್ರ ತೆಗೆಯುವಷ್ಟು ಹೊತ್ತು ಉಸಿರನ್ನೂ ತಡೆಹಿಡಿಯುತ್ತವೆ.

ಇಲ್ಲಿ ರೋಗಿ ಮಲಗುವ ಭಂಗಿಯೇ ಪರೀಕ್ಷೆಯ ಅರ್ಧ ಭಾಗ. ದ್ರಾವಣ ದ್ರವಕ್ಕಿಂತ ಭಾರವಾದ್ದರಿಂದ ಅದು ಕೆಳಕ್ಕೆ ಇಳಿಯುತ್ತದೆ: ಮುಂಭಾಗದ ಬಿರುಕನ್ನು ಹುಡುಕುವಾಗ ರೋಗಿ ಬೋರಲಾಗಿ ಮಲಗಬೇಕು, ಪಕ್ಕದ ಬಿರುಕನ್ನೋ ಫಿಸ್ಟುಲಾವನ್ನೋ ಹುಡುಕುವಾಗ ಆ ಬದಿಗೆ ಒರಗಿ ಮಲಗಬೇಕು, ಮೇಜಿನ ತಲೆಭಾಗ ತುಸು ತಗ್ಗಿರಬೇಕು. ಡ್ಯೂರಾದ ಹೊರಗೆ ದ್ರವ ಕಾಣದ ರೋಗಿಗಳಲ್ಲಿ ಶೀವಿಂಕ್ ತಂಡ 2019ರಲ್ಲಿ ಪ್ರಕಟಿಸಿದ ಹೋಲಿಕೆಯಂತೆ, ಬೋರಲಾಗಿ ಮಲಗಿಸಿದಾಗ ಶೇಕಡಾ 15ರಷ್ಟು ಮಂದಿಯಲ್ಲಿ ಮಾತ್ರ ಫಿಸ್ಟುಲಾ ಸಿಕ್ಕರೆ, ಪಕ್ಕಕ್ಕೆ ಮಲಗಿಸಿದಾಗ ಶೇಕಡಾ 74ರಷ್ಟು ಮಂದಿಯಲ್ಲಿ ಸಿಕ್ಕಿತು. ಯಂತ್ರ ಬದಲಾಗಲಿಲ್ಲ, ದ್ರಾವಣ ಬದಲಾಗಲಿಲ್ಲ; ಮಲಗಿಸುವ ಬಗೆ ಮಾತ್ರ ಬದಲಾಯಿತು. ಎರಡೂ ಬದಿಗಳನ್ನು ನೋಡಲು ಎರಡು ಸಲ ದ್ರಾವಣ ಕೊಡಬೇಕಾಗುತ್ತದೆ, ಅನೇಕ ಕಡೆ ಎರಡು ಬೇರೆ ದಿನಗಳಲ್ಲಿ.

ಉಸಿರೂ ಲೆಕ್ಕಕ್ಕೆ ಬರುತ್ತದೆ. ಉಸಿರನ್ನು ಒಳಕ್ಕೆಳೆದಾಗ ಎದೆಯೊಳಗಿನ ಅಭಿಧಮನಿಗಳ ಒತ್ತಡ ಇಳಿಯುವುದರಿಂದ ಡ್ಯೂರಾದೊಳಗಿನ ದ್ರವ ಫಿಸ್ಟುಲಾದ ಮೂಲಕ ಆ ಕಡೆಗೆ ಹೆಚ್ಚು ಹರಿಯುತ್ತದೆ ಎಂಬ ತರ್ಕದಿಂದ, ರೋಗಿಗೆ ತೆಳ್ಳನೆಯ ಕೊಳವೆಯೊಂದನ್ನು ಬಾಯಲ್ಲಿಟ್ಟು, ಬಲವಂತವಾಗಿ ಉಸಿರನ್ನು ಒಳಕ್ಕೆಳೆಯಲು ಹೇಳಿ ಆ ಹೊತ್ತಿಗೆ ಸಿ.ಟಿ. ತೆಗೆಯುವ ಉಪಾಯವನ್ನು ಸಂಶೋಧಕರು ಈಚಿನ ವರ್ಷಗಳಲ್ಲಿ ರೂಢಿಗೆ ತಂದಿದ್ದಾರೆ. ಆಗ ಬೆನ್ನುಮೂಳೆಯ ಪಕ್ಕದಲ್ಲಿ ನೂಲಿನಷ್ಟು ತೆಳ್ಳಗಿನ ಅಭಿಧಮನಿಯೊಂದು ಸುತ್ತಲಿನ ನಾಳಗಳಿಗಿಂತ ಬೆಳ್ಳಗೆ ಎದ್ದು ಕಾಣುತ್ತದೆ. ಡ್ಯೂಕ್ ತಂಡ 2016ರಲ್ಲಿ ಹೆಸರಿಟ್ಟ ಈ ಚಿಹ್ನೆ ಕೆಲವೇ ಚಿತ್ರತುಣುಕುಗಳಲ್ಲಿ ಮೂಡಿ ಮಾಯವಾಗುವಂಥದ್ದು. ಅದನ್ನೇ ಹುಡುಕುವ ರೇಡಿಯಾಲಜಿಸ್ಟ್‌ಗೆ ಅದು ಸಿಗುತ್ತದೆ, ವಾಡಿಕೆಯ ಓದಿನಲ್ಲಿ ಜಾರಿಹೋಗುತ್ತದೆ. ಅಮೆರಿಕದಲ್ಲಿ 2021ರಲ್ಲಿ ಅನುಮತಿ ಪಡೆದ ಫೋಟಾನ್-ಕೌಂಟಿಂಗ್ ಸಿ.ಟಿ. ಯಂತ್ರಗಳು ಎಕ್ಸ್-ರೇಯ ಒಂದೊಂದು ಕಣವನ್ನೂ ಎಣಿಸಿ ಹೆಚ್ಚು ಸ್ಪಷ್ಟವಾದ ಚಿತ್ರ ಕೊಡುವುದರಿಂದ ಇಂಥ ತೆಳು ನಾಳಗಳ ಪತ್ತೆಗೆ ಹೆಚ್ಚು ನೆರವಾಗುತ್ತಿವೆ. ಅವುಗಳ ಬೆಲೆಯನ್ನು ನೋಡಿದರೆ ಅವು ಬೇಗನೆ ಎಲ್ಲ ಊರುಗಳಿಗೆ ಬರುವ ಸಂಭವ ಇಲ್ಲ.

ಉಳಿದ ವಿಧಾನಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಇಂಡಿಯಂ-111 ಎಂಬ ವಿಕಿರಣಶೀಲ ವಸ್ತುವನ್ನು ದ್ರವಕ್ಕೆ ಸೇರಿಸಿ, ಅದು 24 ಗಂಟೆಯೊಳಗೆ ಮಿದುಳಿನ ಮೇಲ್ಮೈ ತಲುಪಿತೇ, ಬೇಗನೆ ಮೂತ್ರಕೋಶದಲ್ಲಿ ಕಂಡಿತೇ ಎಂದು ನೋಡುವ ಪರೀಕ್ಷೆ ಸೋರಿಕೆಯ ಅನುಮಾನವನ್ನು ಬಲಪಡಿಸಬಲ್ಲದೇ ಹೊರತು ಜಾಗವನ್ನು ನಿಖರವಾಗಿ ತೋರಿಸಲಾರದು. ಅದರ ಕಾಲ ಬಹುತೇಕ ಮುಗಿದಿದೆ. ಗ್ಯಾಡೋಲಿನಿಯಂ ಅನ್ನು ಡ್ಯೂರಾದೊಳಗೇ ಚುಚ್ಚಿ ಎಂ.ಆರ್.ಐ. ತೆಗೆಯುವುದು ನಿಧಾನವಾಗಿ ಸೋರುವ ಕಡೆ ಉಪಯುಕ್ತ ಎನ್ನುವವರಿದ್ದಾರೆ. ಆದರೆ ಆ ದ್ರಾವಣಕ್ಕೆ ಡ್ಯೂರಾದೊಳಗಿನ ಬಳಕೆಗೆ ಅಧಿಕೃತ ಅನುಮತಿಯಿಲ್ಲ, ಪ್ರಮಾಣ ಮೀರಿದರೆ ಮಿದುಳಿಗೆ ತೀವ್ರ ಅಪಾಯವಿದೆ. ಬೇರೆ ದಾರಿಗಳು ಇರುವಾಗ ಅದನ್ನು ಕೊನೆಗೆ ಇಟ್ಟುಕೊಳ್ಳುವುದೇ ವಿವೇಕ.

ಇಷ್ಟೆಲ್ಲ ಪರೀಕ್ಷೆಗಳನ್ನು ಎಲ್ಲರಿಗೂ ಮಾಡಬೇಕೆಂದಲ್ಲ. ಮೈಲೋಗ್ರಫಿಗೆ ಡ್ಯೂರಾವನ್ನು ಚುಚ್ಚಲೇಬೇಕು, ವಿಕಿರಣದ ಪ್ರಮಾಣವೂ ಕಡಿಮೆಯಲ್ಲ, ರೋಗಿಗಳಲ್ಲಿ ಅನೇಕರು ನಡುವಯಸ್ಸಿನವರು. ಬ್ರಿಟನ್ನಿನ ಹಲವು ವಿಭಾಗಗಳ ತಜ್ಞರು ಸೇರಿ 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಈ ಸಮತೋಲನವನ್ನು ಚೆನ್ನಾಗಿ ಹಿಡಿದಿದೆ: ಡೈ ಕೊಟ್ಟ ಮಿದುಳಿನ ಎಂ.ಆರ್.ಐ. ಮತ್ತು ಇಡೀ ಬೆನ್ನಿನ ಎಂ.ಆರ್.ಐ. ಮೊದಲು, ವಿಶ್ರಾಂತಿ ಮತ್ತು ಸಾಮಾನ್ಯ ಉಪಚಾರದಿಂದ ಗುಣ ಕಾಣದಿದ್ದರೆ, ಸೋರಿಕೆಯ ಜಾಗ ತಿಳಿಯದಿದ್ದರೂ, ಎಪಿಡ್ಯೂರಲ್ ಬ್ಲಡ್ ಪ್ಯಾಚ್, ಅದೂ ಫಲಿಸದಿದ್ದರೆ ಆಗ ಮೈಲೋಗ್ರಫಿ. ಬ್ಲಡ್ ಪ್ಯಾಚ್ ಎಂದರೆ ರೋಗಿಯ ತೋಳಿನಿಂದಲೇ ತೆಗೆದ ರಕ್ತವನ್ನು ಡ್ಯೂರಾದ ಹೊರಗಿನ ಜಾಗಕ್ಕೆ ಚುಚ್ಚಿ, ಅದು ಹೆಪ್ಪುಗಟ್ಟಿ ರಂಧ್ರವನ್ನು ಮುಚ್ಚುವಂತೆ ಮಾಡುವ ಚಿಕಿತ್ಸೆ. ಅಮೆರಿಕದ ಜೇಮ್ಸ್ ಗಾರ್ಮ್ಲಿ 1960ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಜಾಗ ತಿಳಿದ ಮೇಲೆ ಆಯ್ಕೆಗಳು ಬದಲಾಗುತ್ತವೆ. ರಂಧ್ರದ ಬಳಿಗೇ ರಕ್ತವನ್ನೋ ಫೈಬ್ರಿನ್ ಅಂಟನ್ನೋ ಚುಚ್ಚಬಹುದು, ಮುಂಭಾಗದ ಮುಳ್ಳನ್ನು ತೆಗೆದು ಸೀಳನ್ನು ಹೊಲಿಯಬಹುದು, ಫಿಸ್ಟುಲಾವಿದ್ದರೆ ಅಭಿಧಮನಿಯ ಮಾರ್ಗವಾಗಿ ತೆಳು ನಳಿಕೆಯನ್ನು ಸಾಗಿಸಿ ಅದನ್ನು ಒಳಗಿನಿಂದಲೇ ಮುಚ್ಚಬಹುದು. ಹೀಗೆ ಮುಚ್ಚುವ ಚಿಕಿತ್ಸೆಗೆ ಒಂದು ನಿರ್ದಿಷ್ಟ ಕಶೇರುವಿನ ಮಟ್ಟ, ಎಡವೋ ಬಲವೋ ಎಂಬ ನಿರ್ದಿಷ್ಟ ಬದಿ ಬೇಕು; ಆದ್ದರಿಂದ 'ಸೋರಿಕೆ ಇದೆ' ಎಂದಷ್ಟೇ ಹೇಳುವ ವರದಿ ಅರ್ಧ ವರದಿ.

ಸೋರಿಕೆ ಮುಚ್ಚಿದ ಮೇಲೂ ಚಿತ್ರಣದ ಕೆಲಸ ಮುಗಿಯುವುದಿಲ್ಲ. ದೀರ್ಘಕಾಲ ಕಡಿಮೆ ದ್ರವಕ್ಕೆ ಒಗ್ಗಿಕೊಂಡ ದೇಹದಲ್ಲಿ ರಂಧ್ರ ಮುಚ್ಚಿದೊಡನೆ ಒತ್ತಡ ಏರುವುದುಂಟು. ಆಗಲೂ ತಲೆನೋವು ಬರುತ್ತದೆ, ಆದರೆ ಅದರ ಗುಣ ತಿರುಗಿರುತ್ತದೆ: ನೋವು ಹೆಚ್ಚಾಗಿ ಹಣೆಯ ಕಡೆಗೆ, ಮಲಗಿದರೆ ಏರುತ್ತದೆ, ಎದ್ದು ಕೂತರೆ ಇಳಿಯುತ್ತದೆ. ಇದನ್ನು ಹಳೆಯ ಸೋರಿಕೆಯ ಮುಂದುವರಿಕೆ ಎಂದು ತಿಳಿದು ಮತ್ತೆ ರಕ್ತ ಚುಚ್ಚಿದರೆ ರೋಗಿಯ ಸ್ಥಿತಿ ಹದಗೆಡುತ್ತದೆ. ಬೇಕಾದದ್ದು ದ್ರವದ ಉತ್ಪತ್ತಿಯನ್ನು ತಗ್ಗಿಸುವ ಅಸೆಟಜೋಲಮೈಡ್‌ನಂಥ ಔಷಧಿ. ಚಿಕಿತ್ಸೆಗೆ ಮುನ್ನ ತೆಗೆದ ಮಿದುಳಿನ ಎಂ.ಆರ್.ಐ.ಯನ್ನು ನಂತರದ್ದರ ಪಕ್ಕದಲ್ಲಿಟ್ಟು ನೋಡಿದಾಗ, ಡ್ಯೂರಾದ ಹೊಳಪು ಇಳಿದು ಪಿಟ್ಯುಟರಿಯ ಮೇಲಿನ ಜಾಗ ಮತ್ತೆ ತೆರೆದುಕೊಂಡಿದ್ದರೆ ರಂಧ್ರ ಮುಚ್ಚಿದೆಯೆಂದೂ ಈಗಿನ ನೋವು ಬೇರೆಯೆಂದೂ ಬಹುಮಟ್ಟಿಗೆ ತಿಳಿಯುತ್ತದೆ. ಹಾಗಾಗಿ ಚಿಕಿತ್ಸೆಗೆ ಕಳಿಸುವಾಗ ಮೊದಲ ಸ್ಕ್ಯಾನ್‌ನ ಚಿತ್ರಗಳನ್ನೇ, ಬರಿಯ ವರದಿಯ ಹಾಳೆಯನ್ನಲ್ಲ, ರೋಗಿಯ ಕೈಗೆ ಕೊಟ್ಟು ಕಳಿಸುವುದು ಅವಶ್ಯ.